ನಲವತ್ತೆರಡನೆಯ ನಾಯಿ

ನಾಯಿಗಳು ನಲವತ್ತೊಂದು ಇರಬೇಕಿತ್ತು. ಮಂಗಳವಾರ ಬೆಳಿಗ್ಗೆ ಯಮುನ ಎಣಿಸಿದಾಗ ನಲವತ್ತೆರಡು ಇದ್ದವು.

ಕಣ್ಣು ತಪ್ಪಿರಬೇಕು ಎಂದುಕೊಂಡು ಬಾಗಿಲ ಕಡೆಯಿಂದ ಮತ್ತೊಮ್ಮೆ ಎಣಿಸಿದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವರು. ಪ್ರವಾಸಕ್ಕೆ ಹೋದಲ್ಲೆಲ್ಲ ಮಕ್ಕಳನ್ನು ಬಸ್ಸು ಹತ್ತಿಸುವ ಮೊದಲು ತಲೆ ಎಣಿಸಿ ಪಳಗಿದವರು. ಒಂದು ತಲೆ ಕಡಿಮೆಯಾದರೆ ಏನು ಮಾಡಬೇಕೆಂದು ಅವರಿಗೆ ಗೊತ್ತಿತ್ತು. ಒಂದು ಹೆಚ್ಚಾದರೆ ಏನು ಮಾಡಬೇಕೆಂದು ಇಷ್ಟು ವರ್ಷದ ಸರ್ವಿಸಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಹೆಚ್ಚಾದದ್ದು ಯಾವುದೆಂದು ಹುಡುಕಬೇಕಾಗಿರಲಿಲ್ಲ. ಮೋಕ್ಷಿತಾ ಮಾಡಿದ ಮಣ್ಣಿನ ನಾಯಿಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ಒಂದಕ್ಕೆ ಕಿವಿ ಹರಿದಿದೆ, ಒಂದು ಹಿಂಗಾಲಿನಿಂದ ಕುತ್ತಿಗೆ ಕೆರೆದುಕೊಳ್ಳುತ್ತಿದೆ, ಒಂದು ಹೊಟ್ಟೆತುಂಬ ಮರಿ ಹೊತ್ತು ದಣಿದು ಕೂತಿದೆ. ಎಲ್ಲವೂ ಅವಳು ಚಿಕ್ಕಂದಿನಿಂದ ಕಂಡ ತೋಟದ ನಾಯಿಗಳು. ನಲವತ್ತೆರಡನೆಯದು ಮಾತ್ರ ಸಂತೆಯಲ್ಲಿ ಸಾಲಾಗಿ ಇಟ್ಟು ಮಾರುವ ಕೆಂಪು ನಾಯಿ: ಗೇಣುದ್ದ ಮೈ, ನೆಟ್ಟ ಕಿವಿ, ಕೊಳವೆಯಂಥ ಕಾಲು, ಮೇಲಕ್ಕೆ ಸುತ್ತಿದ ಬಾಲ. ದೇವರಕಾಡಿನ ಅಯ್ಯಪ್ಪನಿಗೆ ಹರಕೆ ಒಪ್ಪಿಸುವ ನಾಯಿ. ಬೇಟೆಗೆ ಹೊರಡುವ ಸ್ವಾಮಿಯ ಜೊತೆಗಿರಲಿ ಎಂದು ತಲೆಮಾರುಗಳಿಂದ ಜನ ಇಟ್ಟುಬಂದ ಇಂಥ ನಾಯಿಗಳು ಕಾಡಿನ ನಡುವೆ ಪಾಚಿ ಕಟ್ಟಿಕೊಂಡು ರಾಶಿಯಾಗಿ ನಿಂತಿರುತ್ತವೆ. ಅಲ್ಲಿರಬೇಕಾದದ್ದು ಇಲ್ಲಿಗೆ ಬಂದಿತ್ತು.

ಯಮುನ ಹೊರಗೆ ಬಂದರು. ಅವರ ಗಂಡ ದೇರಪ್ಪ ಕಣದ ಕಟ್ಟೆಯ ಮೇಲೆ ಪೇಪರು ಹಿಡಿದು ಕೂತಿದ್ದರು.

"ನೋಡಿ ಇಲ್ಲಿ. ಒಳಗೆ ಒಂದು ನಾಯಿ ಹೆಚ್ಚು ಉಟ್ಟು" ಎಂದರು ಯಮುನ, ತಮ್ಮ ಮನೆಮಾತು ಅರೆಭಾಷೆಯಲ್ಲಿ.

"ಬಾಗಿಲು ತೆಗ್ದಿಟ್ರೆ ನಾಯಿ ಬಾರದೆ ಇರ್ತದಾ?"

"ಮಣ್ಣಿಂದು!"

ದೇರಪ್ಪ ಪೇಪರಿನ ಹಾಳೆ ಮಗುಚಿದರು. "ನಂಗೆ ಗೊತ್ತಿಲ್ಲೆ. ಯಾರೋ ಭಕ್ತರು ಇಟ್ಟಿರ್ಬೋದು."

"ಇಲ್ಲಿಗೆ ಎಂತಕೆ ಭಕ್ತರು? ಇದೆಂತ ದೇವಸ್ಥಾನವಾ?"

ಪೇಪರು ಸ್ವಲ್ಪ ಮೇಲಕ್ಕೆ ಹೋಯಿತು.

ಅದು ದೇವಸ್ಥಾನವಲ್ಲ, ನಿಜ. ಮೂರ್ನಾಡು ಪೇಟೆ ಮುಗಿದು ತೋಟ ಶುರುವಾಗುವಲ್ಲಿ ಅವರ ಮನೆಯ ಹಳೆಯ ಕಾಫಿ ಗೋಡಾನು. ಯಮುನ ನಿವೃತ್ತರಾದ ವರ್ಷ ಗೋಡೆಗೆ ಸುಣ್ಣ ಹೊಡೆಸಿ, ದೀಪಗಳನ್ನು ಹಾಕಿಸಿ, 'ಕಣ' ಎಂದು ಬೋರ್ಡು ಬರೆದು ಗ್ಯಾಲರಿ ಮಾಡಿದರು. ನಾಲ್ಕು ವರ್ಷದಲ್ಲಿ ಹನ್ನೊಂದು ಪ್ರದರ್ಶನಗಳಾಗಿದ್ದವು. ಮಾದಾಪುರದ ಕಡೆಯ ಮಲ್ಲಪ್ಪ ಎಂಬ ಕಲಾವಿದರು ಒಳಗೆಲ್ಲ ಮೊಣಕಾಲುದ್ದ ಕಾಫಿ ಸಿಪ್ಪೆ ಹರಡಿ ಅದರಲ್ಲಿ ನಡೆಯಿರಿ ಎಂದಿದ್ದರು. ಬಂದ ಬೆಳೆಗಾರರು ನಡೆಯಲಿಲ್ಲ, ಗೊಬ್ಬರಕ್ಕೆ ಕೊಡ್ತೀರಾ ಎಂದು ಕೇಳಿ ಹೋದರು. ಇನ್ನೊಬ್ಬರ ಚಿತ್ರಗಳೆಲ್ಲ ಪೂರ್ತಿ ಕಪ್ಪು. ಎದುರಿನ ಬೇಕರಿಯ ರಮ್ಯ ಬಾಗಿಲಲ್ಲೇ ನಿಂತು, "ಟೀಚರ್, ಕರೆಂಟ್ ಬಂದ್ಮೇಲೆ ಬರ್ತೇನೆ" ಎಂದಿದ್ದಳು. ಒಂದು ಪ್ರದರ್ಶನಕ್ಕೆ ಹೆಚ್ಚೆಂದರೆ ಹದಿನೈದು ಜನ. ಅವರಲ್ಲಿ ಹತ್ತು ಜನ ಮೊದಲ ದಿನದ ವಡೆ ಕಾಫಿಗೆ ಬಂದವರು. ಯಮುನ ಯಾರ ಮೇಲೂ ಸಿಟ್ಟಾಗುತ್ತಿರಲಿಲ್ಲ. ಬೀಜ ಹಾಕುವುದಷ್ಟೇ ನಮ್ಮ ಕೆಲಸ, ಮೊಳಕೆ ಸ್ವಾಮಿಯ ಇಷ್ಟ ಎಂದು ಸಂಜೆ ದೇವರ ಮುಂದೆ ಕೂತು ಸಮಾಧಾನ ಮಾಡಿಕೊಳ್ಳುತ್ತಿದ್ದರು.

ಈ ಸಲ ಮಾತ್ರ ಸಮಾಧಾನಕ್ಕೆ ಜಾಗವಿರಲಿಲ್ಲ. ಮೋಕ್ಷಿತಾ ಅವರದೇ ಶಿಷ್ಯೆ. ಪೊನ್ನಂಪೇಟೆಯ ಸ್ಟೇಷನರಿ ಅಂಗಡಿಯೊಂದರಲ್ಲಿ ಹಗಲೆಲ್ಲ ನಿಂತು ದುಡಿದು, ಉಳಿದ ಹೊತ್ತಿನಲ್ಲಿ ಗದ್ದೆಯ ಮಣ್ಣು ಕಲಸಿ ಎರಡು ವರ್ಷದಲ್ಲಿ ಈ ನಾಯಿಗಳನ್ನು ಮಾಡಿದ್ದಳು. ಮೈಸೂರಿನಿಂದ ಕೀರ್ತಿಕುಮಾರ್ ಎಂಬವರು ಶನಿವಾರ ಬರುವವರಿದ್ದರು. ಐದು ಊರು ಸುತ್ತುವ ದೊಡ್ಡದೊಂದು ಪ್ರದರ್ಶನಕ್ಕೆ ಕೊಡಗಿನಿಂದ ಒಬ್ಬರನ್ನು ಆರಿಸುವುದು ಅವರ ಕೆಲಸ. ಹಿಂದೆ ಎರಡು ಸಲ ಮೋಕ್ಷಿತಾಳ ಕೃತಿಗಳು ಬೇರೆ ಕಡೆಯಿಂದ ಹಿಂದಕ್ಕೆ ಬಂದಿದ್ದವು. "ಈ ಸಲವೂ ಆಗದಿದ್ರೆ ಮಣ್ಣು ಮುಟ್ಟೋದಿಲ್ಲ ಟೀಚರ್. ಸಾಕು" ಎಂದು ಹೇಳಿದ್ದಳು. ಹೇಳುವಾಗ ಅಳಲಿಲ್ಲ. ಅಳದೆ ಹೇಳಿದ್ದರಿಂದಲೇ ಯಮುನರಿಗೆ ಹೆದರಿಕೆಯಾಗಿತ್ತು.

ನಾಯಿಗಳನ್ನು ಅವಳು ದಾರ ಹಿಡಿದು, ಅಳತೆ ಮಾಡಿ ನಿಲ್ಲಿಸಿದ್ದಳು. ಎಲ್ಲ ನಾಯಿಗಳೂ ಗೋಡಾನಿನ ಒಂದು ಖಾಲಿ ಮೂಲೆಯತ್ತ ನೋಡುತ್ತಿದ್ದವು. ಅಲ್ಲಿ ಏನೂ ಇಲ್ಲ. ಏನೂ ಇಲ್ಲದ ಕಡೆಗೆ ಇಷ್ಟು ನಾಯಿಗಳು ನೋಡುತ್ತಿದ್ದರೆ ನೋಡುವವನ ಎದೆ ನಡುಗಬೇಕು, ಅದೇ ಕೃತಿ. ಹೆಸರು 'ಕಾವಲು'.

"ಒಂದು ಇಂಚು ಆಚೀಚೆ ಆಗಬಾರದು ಟೀಚರ್."

"ಶನಿವಾರದವರೆಗೆ ಒಂದು ಇರುವೆ ಕೂಡ ಮುಟ್ಟೋದಿಲ್ಲ, ಹೋಗು" ಎಂದು ಯಮುನ ಮಾತು ಕೊಟ್ಟಿದ್ದರು.

ಈಗ ಆ ಮಾತು ನೆನೆದು ಯಮುನ, ಕಸ ಗುಡಿಸಲು ಬಂದ ಸುಬ್ಬನನ್ನು ಕರೆದು, "ಈ ಕೆಂಪು ನಾಯಿ ಎತ್ತಿ ಹೊರಗಿಡು" ಎಂದರು. ಸುಬ್ಬ ಇಪ್ಪತ್ತು ವರ್ಷದಿಂದ ಅವರ ತೋಟದಲ್ಲಿದ್ದವನು. ಹಾವು ಹಿಡಿ ಎಂದರೂ ಹಿಡಿಯುವವನು. ನಾಯಿಯನ್ನು ನೋಡಿ ಹೊಸ್ತಿಲಾಚೆ ಹೋಗಿ ಚಪ್ಪಲಿ ಬಿಟ್ಟು ಬಂದ. ಬಂದವನು ಎತ್ತಲಿಲ್ಲ, ಕೈಮುಗಿದ.

"ಅಮ್ಮಾ, ಹರಕೆದು. ಇಟ್ಟವ್ರೇ ಎತ್ಬೇಕು. ಬೇರೆಯವ್ರು ಕೈ ಹಾಕಂಗಿಲ್ಲ."

"ಇಟ್ಟವರು ಯಾರು?"

"ಅದು ಅಯ್ಯಪ್ಪಂಗೆ ಗೊತ್ತು" ಎಂದು ಹೇಳಿ, ಆ ನಾಯಿಯ ಸುತ್ತ ಒಂದು ಮೊಳ ಬಿಟ್ಟು ಉಳಿದ ನೆಲ ಗುಡಿಸಿ ಹೋದ.

ಬುಧವಾರ ಮಧ್ಯಾಹ್ನಕ್ಕೆ ನಲವತ್ತಾರಾದವು.

ರಮ್ಯ ಬೇಕರಿಯ ಏಪ್ರನ್ ಕಟ್ಟಿಕೊಂಡೇ ಬಂದು, ಪೇಪರಿನಲ್ಲಿ ಸುತ್ತಿದ ಕೆಂಪು ನಾಯಿಯನ್ನು ಬಿಚ್ಚಿ, ಮೋಕ್ಷಿತಾಳ ಕಿವಿಹರಿದ ನಾಯಿಯ ಪಕ್ಕ ಇಟ್ಟಳು. ಯಮುನ ಓಡಿಬಂದರು.

"ರಮ್ಯಾ, ಎಂತ ಮಾಡ್ತಿದ್ದಿ ನೀನು?"

"ಗದ್ದೆಗೆ ಆನೆ ಇಳೀತಾ ಉಂಟಲ್ಲ ಟೀಚರ್. ದೇವರಕಾಡಿಗೆ ಹೋಗ್ಬೇಕು ಹೋಗ್ಬೇಕು ಅಂತ ಹೇಳ್ಕೊಂಡೇ ಮೂರು ತಿಂಗಳಾಯ್ತು. ಅಂಗಡಿ ಬಿಟ್ಟು ಹೋಗುದು ಹೇಗೆ ಹೇಳಿ? ಇಲ್ಲಿ ಎದುರಿಗೇ ಬಂದಿದ್ದಾನೆ ಅಂದ್ಮೇಲೆ..."

"ಯಾರು ಬಂದಿದ್ದಾರೆ?"

ರಮ್ಯ ಟೀಚರ ಮುಖವನ್ನು ಕನಿಕರದಿಂದ ನೋಡಿ, ಮೂಲೆಯ ಕಡೆ ಗಲ್ಲ ತೋರಿಸಿದಳು.

ಆಗ ಯಮುನರಿಗೆ ಕಂಡಿತು. ಮೂವತ್ತೈದು ವರ್ಷ ಕಂಡೂ ಕಂಡೂ ಕಾಣದೇ ಹೋಗಿದ್ದ ದೀಪ. ಗೋಡಾನಿನಲ್ಲಿ ಭತ್ತದ ಮೂಟೆ, ಕಾಫಿ ಮೂಟೆ ಇದ್ದ ಕಾಲದಿಂದ ಆ ಮೂಲೆಯ ಗೋಡೆಯಲ್ಲೊಂದು ಗೂಡು; ಮನೆಯ ಗಂಡಸರು ಬೆಳಿಗ್ಗೆ ಸ್ನಾನ ಮಾಡಿ ಬಂದು ಅಲ್ಲಿ ದೀಪ ಹಚ್ಚುವುದು ಮನೆಯ ಪದ್ಧತಿ. ಮೂಟೆ ಹೋಗಿ ಚಿತ್ರ ಬಂದರೂ ದೇರಪ್ಪ ಬಿಟ್ಟಿರಲಿಲ್ಲ. ಮೋಕ್ಷಿತಾ ಅಳತೆ ಮಾಡಿದ್ದು ಸಂಜೆ, ದೀಪ ಆರಿದ ಮೇಲೆ. ಅವಳಿಗೆ ಅದು ಖಾಲಿ ಮೂಲೆ. ಬೆಳಿಗ್ಗೆ ಬಾಗಿಲು ತೆಗೆದರೆ ಕಾಣುವುದು ಬೇರೆ: ಉರಿಯುವ ಒಂದು ದೀಪ, ಅದರ ಮುಂದೆ ಕೂತು ಕಾಯುತ್ತಿರುವ ನಲವತ್ತೊಂದು ಮಣ್ಣಿನ ನಾಯಿ. ಈ ಸೀಮೆಯಲ್ಲಿ ಹುಟ್ಟಿದ ಯಾರು ಅದನ್ನು ನೋಡಿ ಚಪ್ಪಲಿ ಬಿಡುವುದಿಲ್ಲ?

"ನೀವು ಈ ವಾರ ದೀಪ ಹಚ್ಚುದು ಬೇಡ" ಎಂದು ಊಟಕ್ಕೆ ಬಡಿಸುವಾಗ ಗಂಡನಿಗೆ ಹೇಳಿದರು.

"ನಮ್ಮ ಅಜ್ಜ ಹಚ್ಚಿದ್ದು, ಅಪ್ಪ ಹಚ್ಚಿದ್ದು. ಚಿತ್ರ ಇದ್ರೂ ಹಚ್ಚುವೆ, ಇಲ್ಲದಿದ್ರೂ ಹಚ್ಚುವೆ."

"ಹಾಗಾದ್ರೆ ಬಂದವರಿಗೆ ನೀವೇ ಹೇಳಿ, ಇದು ಪ್ರದರ್ಶನ ಅಂತ."

"ಹೇಳಿದೆನಲ್ಲ. ದೇವರ ಪ್ರದರ್ಶನವಾ ಅಂತ ಕೇಳಿದ್ರು. ಅಲ್ಲ ಅಂತ ಹೇಳಿಕೆ ನನ್ನ ಬಾಯಿ ಬರ್ಲಿಲ್ಲೆ."

ಯಮುನ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ತೂಗುಹಾಕಿದರು: 'ಇದು ಕಲಾ ಪ್ರದರ್ಶನ. ದಯವಿಟ್ಟು ನಾಯಿಗಳನ್ನು ಇಡಬಾರದು.' ಗುರುವಾರ ಬೆಳಿಗ್ಗೆ ನೋಡಿದರೆ ನಾಯಿಗಳ ಜೊತೆ ಎರಡು ತೆಂಗಿನಕಾಯಿ, ಒಂದು ಚಿಪ್ಪು ಬಾಳೆಹಣ್ಣು, ಊದುಬತ್ತಿಯ ಬೂದಿ. ಹಣ್ಣು ಇಟ್ಟವರು ಅಲ್ಲೇ ಇದ್ದರು: ಕರಿಬಸಪ್ಪ ಎಂಬ ಹಿರಿಯರು, ಸೋಮವಾರಪೇಟೆ ಕಡೆಯಿಂದ ಮಗಳ ಮನೆಗೆ ಬಂದವರು, ಹಣೆ ತುಂಬ ವಿಭೂತಿ.

"ಬೋರ್ಡು ಓದಿದ್ರಾ ಯಜಮಾನ್ರೆ?"

"ಓದ್ದೆ ಕಣವ್ವ. ನಾಯಿ ಇಡಬ್ಯಾಡಿ ಅಂತ ಅದೆ. ಹಣ್ಣುಕಾಯಿ ವಿಸ್ಯ ಏನೂ ಬರ್ದಿಲ್ವಲ್ಲ." ಅವರು ಸುತ್ತ ನೋಡಿದರು. "ನಮ್ ಕಡೆ ಈ ಪದ್ದತಿ ಇಲ್ಲ. ಆದ್ರೂ ಯಾವ್ ದೇವ್ರಾದ್ರೇನು. ಒಂದ್ ಮಾತ್ ಹೇಳ್ಲಾ? ಇಷ್ಟ್ ಚಂದಾಗಿ ನಾಯಿ ಮಾಡ್ದೋರು ಯಾರು? ಆ ಕೆರ್ಕಣಾದ್ ನಮ್ ಮನೆ ಕರಿಯನ್ ತರಾನೇ ಅದೆ. ಸತ್ತು ಆರ್ ವರ್ಸ ಆತು. ನೋಡಿ ಹೊಟ್ಟೆ ಚುರ್ ಅಂತು."

ಹನ್ನೊಂದು ಪ್ರದರ್ಶನದಲ್ಲಿ ಯಾರೊಬ್ಬರೂ ಒಂದು ಕೃತಿಯನ್ನು ನೋಡಿ ಹೊಟ್ಟೆ ಚುರ್ ಎಂದಿತು ಎಂದಿರಲಿಲ್ಲ. ಈಗ ಆ ಮಾತು ಬಂದಿತ್ತು, ಬಾಳೆಹಣ್ಣಿನ ಜೊತೆಯಲ್ಲಿ ಬಂದಿತ್ತು. ಯಮುನರಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಆ ದಿನ ಐವತ್ತೈದಾದವು. ಯಮುನ ನಾಯಿ ಇಟ್ಟವರ ಮನೆಮನೆಗೆ ಹೋದರು. ನಿಮ್ಮದನ್ನು ನೀವೇ ಎತ್ತಿ ದೇವರಕಾಡಿನಲ್ಲಿ ಇಡಿ, ಜೀಪು ಬೇಕಾದರೆ ನಾನೇ ಮಾಡಿಕೊಡುತ್ತೇನೆ ಎಂದು ಕೈಮುಗಿದು ಕೇಳಿದರು. ಯಾರೂ ಇಲ್ಲ ಎನ್ನಲಿಲ್ಲ. ಕಾಫಿ ಕೊಟ್ಟರು, ಟೀಚರ್ ಎಂದು ಕುರ್ಚಿ ಒರೆಸಿ ಕೂರಿಸಿದರು, ಕೊನೆಗೆ ಎಲ್ಲರೂ ಒಂದೇ ಮಾತು ಹೇಳಿದರು. ರಮ್ಯ ಹೇಳಿದ್ದು ಹೀಗೆ:

"ಎತ್ತುದಕ್ಕೆ ನಮಗೇನು ಟೀಚರ್. ಆದ್ರೆ ಮೊದಲು ಇಟ್ಟವರದ್ದು ಮೊದಲು ಏಳ್ಬೇಕಲ್ಲ. ಅವರ ಹಿಂದೆ ಇಟ್ಟವರು ನಾವು, ಅವರಿಗಿಂತ ಮುಂಚೆ ಎತ್ತಿದ್ರೆ ಹೇಗೆ? ಆ ಮೊದಲನೇದು ಯಾರದ್ದು ಅಂತ ನೋಡಿ. ಅದು ಎದ್ದ ಗಳಿಗೆ ನಮ್ಮದೂ ಎದ್ದಿತು."

ಹಾಗಾಗಿ ಎಲ್ಲವೂ ನಲವತ್ತೆರಡನೆಯ ನಾಯಿಯ ಮೇಲೆ ಬಂದು ನಿಂತಿತು. ಯಮುನ ಸಿಕ್ಕಿದವರನ್ನೆಲ್ಲ ಕೇಳಿದರು. ಸೊಸೈಟಿಯಲ್ಲಿ ಕೇಳಿದರು, ಹಿಟ್ಟಿನ ಗಿರಣಿಯಲ್ಲಿ ಕೇಳಿದರು. ಯಾರಿಗೂ ಗೊತ್ತಿಲ್ಲ.

ಮಧ್ಯಾಹ್ನದ ಊಟದ ಹೊತ್ತು ಗ್ಯಾಲರಿಯಲ್ಲಿ ಯಾರೂ ಇಲ್ಲದಾಗ ಬಾಗಿಲು ಮುಂದಕ್ಕೆಳೆದು, ತಾವೇ ಎತ್ತಿಬಿಡುವುದೆಂದು ಆ ನಾಯಿಯ ಮುಂದೆ ಬಗ್ಗಿದರು. ಇದು ಮಣ್ಣು, ಸಂತೆಯಲ್ಲಿ ಸಿಗುವ ಮಣ್ಣು, ಎಂದುಕೊಂಡರು. ಬಣ್ಣ, ರೇಖೆ, ಆಕಾರ ಎಂದು ಮೂವತ್ತು ವರ್ಷ ಪಾಠ ಮಾಡಿದ ಕೈ ಅದರ ಬೆನ್ನಿನ ಹತ್ತಿರ ಹೋಗಿ, ನಾಲ್ಕು ಬೆರಳು ದೂರದಲ್ಲಿ ನಿಂತಿತು. ಚಿಕ್ಕಂದಿನಲ್ಲಿ ಅಜ್ಜಿಯ ಸೆರಗು ಹಿಡಿದು ದೇವರಕಾಡಿಗೆ ಹೋದಾಗ, ಕಾಲು ತಾಗಿ ಉರುಳಿದ ನಾಯಿಯೊಂದನ್ನು ನೆಟ್ಟಗೆ ನಿಲ್ಲಿಸಲು ಹೋಗಿ ಕೈಮೇಲೆ ಏಟು ತಿಂದಿದ್ದರು. ಯಾರೋ ತಮ್ಮ ಕಷ್ಟ ಇಟ್ಟು ಹೋಗಿರುವುದು ಅದು, ನಿನ್ನದಲ್ಲ ಎಂದಿದ್ದರು ಅಜ್ಜಿ. ಆ ಏಟು ಇನ್ನೂ ಕೈಯಲ್ಲಿತ್ತು. ಯಮುನ ಸೊಂಟ ಹಿಡಿದುಕೊಂಡು ಎದ್ದರು. ಸುಬ್ಬನ ಮೇಲೆ, ರಮ್ಯಳ ಮೇಲೆ, ಗಂಡನ ದೀಪದ ಮೇಲೆ ಬಂದಿದ್ದ ಸಿಟ್ಟೆಲ್ಲ ತಿರುಗಿ ತಮ್ಮ ಮೇಲೇ ಬಂತು.

ಶುಕ್ರವಾರ ಮೋಕ್ಷಿತಾ ಅಂಗಡಿಗೆ ಅರ್ಧ ದಿನ ರಜೆ ಹಾಕಿ ಬಸ್ಸಿನಲ್ಲಿ ಬಂದಳು. ಹೊಸ್ತಿಲಿನ ಹೊರಗೆ ಇಪ್ಪತ್ತು ಜೊತೆ ಚಪ್ಪಲಿ ಕಂಡು ಅವಳ ಮುಖ ಅರಳಿತು. "ಟೀಚರ್, ಇಷ್ಟು ಜನ!" ಎಂದು ಒಳಗೆ ಹೋದಳು. ಹೋದಷ್ಟೇ ಬೇಗ ಹೊರಗೆ ಬಂದಳು.

"ಅರವತ್ತನಾಲ್ಕು."

"ಗೊತ್ತು."

"ನೀವು ಮಾತು ಕೊಟ್ಟಿದ್ರಿ ಟೀಚರ್. ಇರುವೆ ಮುಟ್ಟಲ್ಲ ಅಂತ."

"ಇರುವೆ ಮುಟ್ಟಲಿಲ್ಲ ಮಗಾ, ಊರೇ ಮುಟ್ಟಿತು. ನಾಲ್ಕು ದಿನದಿಂದ ಬಡ್ಕೊಳ್ತಿದ್ದೇನೆ."

"ಎರಡು ವರ್ಷ! ಒಂದೊಂದು ನಾಯಿಯ ಕಣ್ಣು ಎಲ್ಲಿ ನೋಡ್ಬೇಕು ಅಂತ ನಾನು... ಈಗ ಅದರ ಮುಂದೆ ಬಾಳೆಹಣ್ಣು!" ಅವಳು ಮತ್ತೆ ಒಳಗೆ ನುಗ್ಗಿದಳು. "ನಾನೇ ಎತ್ತುತ್ತೇನೆ. ಯಾರು ಏನು ಮಾಡ್ತಾರೆ ನೋಡುವ."

ಯಮುನ ಬಾಗಿಲಲ್ಲಿ ನಿಂತು ನೋಡಿದರು. ಹುಡುಗಿ ದಾಪುಗಾಲು ಹಾಕಿ ಹೋಗಿ ಹತ್ತಿರದ ಕೆಂಪು ನಾಯಿಯ ಮುಂದೆ ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು. ಆಮೇಲೆ ಏನನ್ನೂ ಮುಟ್ಟದ ಕೈಯನ್ನು ಚೂಡಿದಾರಕ್ಕೆ ಒರೆಸಿಕೊಂಡಳು.

"ನಮ್ಮಜ್ಜಿ ಇದ್ದಿದ್ರೆ ನನ್ನ ಕೈ ಮುರೀತಿದ್ರು" ಎಂದಳು.

"ನನ್ನದೂ" ಎಂದರು ಯಮುನ.

ಇಬ್ಬರೂ ಕಣದ ಕಟ್ಟೆಯ ಮೇಲೆ ಕೂತರು. ಹಿಂದೆಯೇ ದೇರಪ್ಪ ಒಂದು ತಟ್ಟೆಯಲ್ಲಿ ಬಾಳೆಹಣ್ಣು ತಂದು, "ತಿನ್ನು ಮಗಾ, ಎಂತ ಆಗುದಿಲ್ಲೆ, ಎಲ್ಲ ಸರಿ ಆಕು" ಎಂದರು.

"ಒಳಗಿಂದಾ ಅಂಕಲ್?"

"ಪ್ರಸಾದ."

ಮೋಕ್ಷಿತಾ ಅವರನ್ನೇ ಒಂದು ಗಳಿಗೆ ನೋಡಿ, ಹಣ್ಣು ತೆಗೆದುಕೊಂಡು ಸಿಪ್ಪೆ ಸುಲಿದಳು.

ಶನಿವಾರ ಹನ್ನೊಂದಕ್ಕೆ ಬರುತ್ತೇನೆಂದಿದ್ದ ಕೀರ್ತಿಕುಮಾರ್ ಹನ್ನೊಂದಕ್ಕೇ ಬಂದರು. ಬಿಳಿ ಅಂಗಿ, ಕುತ್ತಿಗೆಗೆ ನೇತುಹಾಕಿದ ಕನ್ನಡಕ. ಯಮುನ ರಾತ್ರಿಯೆಲ್ಲ ಜೋಡಿಸಿಕೊಂಡಿದ್ದ ಮಾತುಗಳನ್ನು ಶುರು ಮಾಡಿದರು: "ಸರ್, ಮೊದಲೇ ಹೇಳಿಬಿಡ್ತೇನೆ, ಇದರಲ್ಲಿ ಇಪ್ಪತ್ತಾರು ನಾಯಿ ನಮ್ಮ ಕಲಾವಿದೆಯದ್ದಲ್ಲ." ಅವರು ಕೈ ಎತ್ತಿ ಸುಮ್ಮನಿರಿ ಎಂಬಂತೆ ಸನ್ನೆ ಮಾಡಿ ಒಳಗೆ ಹೋದರು. ಅರ್ಧ ಗಂಟೆ ಸುತ್ತಿದರು. ಅಷ್ಟರಲ್ಲಿ ಒಬ್ಬಾಕೆ ಬಂದು ಊದುಬತ್ತಿ ಹಚ್ಚಿ ಹೋದದ್ದನ್ನೂ ನೋಡಿದರು.

ಹೊರಗೆ ಬಂದಾಗ ಅವರ ಕಣ್ಣು ಒದ್ದೆಯಾಗಿತ್ತು.

"ಅದ್ಭುತ. ಕಲಾವಿದೆ ಪ್ರಶ್ನೆ ಕೇಳಿದ್ದಾಳೆ, ಜನ ಉತ್ತರ ಕೊಟ್ಟಿದ್ದಾರೆ. ಇಪ್ಪತ್ತು ವರ್ಷದಿಂದ ಇಂಥದ್ದೊಂದು ಹುಡುಕ್ತಾ ಇದ್ದೆ. ನಾನು ಇದನ್ನ ತಗೊಂಡೆ ಅಂತ್ಲೇ ತಿಳ್ಕೊಳ್ಳಿ. ಸೋಮವಾರ ಲಾರಿ ಕಳಿಸ್ತೀನಿ. ಅರವತ್ತೇಳು ನಾಯಿ, ಆ ಕಾಯಿ ಹೋಳು, ಊದುಬತ್ತಿ ಬೂದಿ, ಎಲ್ಲ ಇದ್ದ ಹಾಗೇ. ಆ ಬೋರ್ಡೂ ಬೇಕು. ನಾಯಿಗಳನ್ನು ಇಡಬಾರದು ಅಂತ... ಯಾರ ಕಲ್ಪನೆ ಅದು?"

"ನನ್ನ ಕಲ್ಪನೆ ಅಲ್ಲ ಸರ್, ನನ್ನ ಕರ್ಮ" ಎಂದರು ಯಮುನ.

ಊರಿಗೆ ಹೋಗದೆ ಟೀಚರ ಮನೆಯಲ್ಲೇ ಉಳಿದಿದ್ದ ಮೋಕ್ಷಿತಾಳ ಮುಖಕ್ಕೆ ರಕ್ತ ಬಂದಿತ್ತು. ತಗೊಂಡೆ ಎಂಬ ಒಂದು ಮಾತಿಗಾಗಿ ಅವಳು ಎರಡು ವರ್ಷ ಕಾದಿದ್ದಳು. ಅದು ಬಂದಿತ್ತು. ಯಮುನರಿಗೆ ಅದು ಕಂಡಿತು. ಕಂಡೂ, ವಾರವಿಡೀ ಆ ಕೆಂಪು ನಾಯಿಗಳು ತೊಲಗಿದರೆ ಸಾಕು ಎಂದು ಊರೆಲ್ಲ ಅಲೆದ ಅವರ ಬಾಯಿಂದಲೇ ಮಾತು ಹೊರಟಿತು.

"ಆ ಕೆಂಪು ನಾಯಿಗಳು ಬರೋದಿಲ್ಲ ಸರ್."

"ಯಾಕೆ?"

"ಹರಕೆಯವು. ದೇವರಕಾಡಿಗೆ ಹೋಗ್ಬೇಕಾದವು. ಐದು ಊರು ಸುತ್ತೋದಕ್ಕೆ ಅಲ್ಲ."

"ಸರಿ, ಅನುಮತಿ ಪತ್ರ ಮಾಡಿಸೋಣ. ಯಾರ ಸಹಿ ಬೇಕಾಗುತ್ತೆ?"

"ಅಯ್ಯಪ್ಪಂದು" ಎಂದರು ದೇರಪ್ಪ, ಕಟ್ಟೆಯ ಮೇಲಿಂದ.

ಕೀರ್ತಿಕುಮಾರ್ ನಗಲೋ ಬೇಡವೋ ಎಂದು ನೋಡಿ ಮೋಕ್ಷಿತಾಳ ಕಡೆ ತಿರುಗಿದರು. "ನೀವು ಹೇಳಿ. ಕೃತಿ ನಿಮ್ಮದು. ನಿಜ ಹೇಳ್ಬೇಕು ಅಂದ್ರೆ, ಅವು ಇಲ್ದೆ ಇದ್ರೆ ಇದು ಬರೀ ನಾಯಿಗಳು."

ಬರೀ ನಾಯಿಗಳು. ಮೋಕ್ಷಿತಾ ನೆಲ ನೋಡಿದಳು. ಅವಳ ಉಗುರಿನ ಸಂದಿಯಲ್ಲಿ ಇನ್ನೂ ಗದ್ದೆಯ ಮಣ್ಣಿತ್ತು. ತಲೆಯೆತ್ತಿ, "ನನ್ನವು ನಲವತ್ತೊಂದು ಸರ್" ಎಂದಳು. "ಬೇರೆಯವರ ಹರಕೆ ನನ್ನ ಹೆಸರಲ್ಲಿ ಹೋಗುದು ಬೇಡ."

"ಹಾಗಾದ್ರೆ ನಾನು ಯೋಚನೆ ಮಾಡ್ಬೇಕಾಗುತ್ತೆ" ಎಂದರು ಅವರು. ಕಾಫಿ ಮುಟ್ಟದೆ ಕಾರು ಹತ್ತಿದರು.

ಕಾರಿನ ಧೂಳು ಇಳಿಯಿತು. ಆಮೇಲೆ ದೇರಪ್ಪ ಎದ್ದು, ಚಪ್ಪಲಿ ಬಿಟ್ಟು ಒಳಗೆ ಹೋಗಿ, ನಲವತ್ತೆರಡನೆಯ ನಾಯಿಯ ಮುಂದೆ ಕಷ್ಟಪಟ್ಟು ಮಂಡಿಯೂರಿದರು. ಅದರ ಬೆನ್ನು ನೇವರಿಸಿದರು. ಊರಿನಲ್ಲಿ ಯಾರೂ ಮುಟ್ಟಲು ಒಪ್ಪದ ಆ ಬೆನ್ನು. ಬಾಗಿಲಲ್ಲಿದ್ದ ಯಮುನರಿಗೆ ಒಮ್ಮೆಗೇ ಎಲ್ಲ ತಿಳಿಯಿತು.

"ನೀವಾ?"

ದೇರಪ್ಪ ತಿರುಗಲಿಲ್ಲ. "ಹುಡುಗಿದು ಆರಿಸ್ಲಿ ಅಂತ ಇಟ್ಟೆ. ಸೋಮವಾರ ಸಂಜೆ."

"ಐದು ದಿನ! ಐದು ದಿನ ನಾನು ಮನೆಮನೆ ಸುತ್ತಿದೆ. ಗಿರಣಿಯಲ್ಲಿ ಕೇಳಿದೆ. ನೀವು ಪೇಪರು ಓದ್ತಾ ಕೂತಿದ್ರಿ!"

"ಹರಕೆ ಹೇಳಿದ್ರೆ ಫಲ ಹೋಗ್ತದೆ. ಶನಿವಾರದ ತನಕ ಬಾಯಿ ಬಿಡಿಕೆ ಆಗ್ತಿತ್ತಾ?"

"ಹರಕೆ ಅಂದ್ರೆ ಕೆಲಸ ಆದ್ಮೇಲೆ ಒಪ್ಪಿಸುದಲ್ಲವಾ?"

"ಇದು ಮುಂಗಡ. ಎರಡು ಸಲ ತಪ್ಪಿ ಹೋಗಿತ್ತಲ್ಲ, ಅದಕ್ಕೆ."

"ಮುಂಗಡ ಕೊಡಿಕೆ ಅಯ್ಯಪ್ಪ ಎಂತ ಕಾಫಿ ಪಿಕ್ಕಿಂಗಿಗೆ ಬರೋ ಆಳಾ? ದೇವರಕಾಡಲ್ಲಿ ಇಡಬಾರದಿತ್ತಾ?"

"ಮಂಡಿ ನೋವು ಉಟ್ಟಲ್ಲ ಯಮುನ. ಆ ಇಳಿಜಾರು ಇಳಿಯಿಕೆ ಆಗ್ಲಿಲ್ಲೆ. ಇಲ್ಲಿ ದೀಪ ಉಟ್ಟು, ಸುತ್ತ ಅಷ್ಟು ನಾಯಿ ಉಟ್ಟು. ಸ್ವಾಮಿಗೆ ಗೊತ್ತಾಗ್ತದೆ ಅಂತ..." ಅವರ ದನಿ ಸಣ್ಣದಾಯಿತು. "ನಾನೇ ಕೆಡಿಸಿದೆ. ಅಲ್ಲವಾ ಮಗಾ?"

ಮೋಕ್ಷಿತಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಯಮುನ ಹತ್ತಿರ ಹೋದರು. ಅವಳು ಬಾಯಿಗೆ ದುಪಟ್ಟ ಒತ್ತಿಕೊಂಡು ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. "ಅಂಕಲ್, ನನಗೋಸ್ಕರ ಯಾರೂ ಇದುವರೆಗೆ ಒಂದು ನಾಯಿ ಇಟ್ಟಿರ್ಲಿಲ್ಲ" ಎಂದಳು.

ಮೈಸೂರಿನವರು ಹರಕೆಯ ನಾಯಿಗಳನ್ನು ಲಾರಿಯಲ್ಲಿ ಹೊತ್ತುಕೊಂಡು ಹೋಗುತ್ತಾರಂತೆ ಎಂಬ ಸುದ್ದಿ ಅಷ್ಟರಲ್ಲಿ ಊರು ಸುತ್ತಿತ್ತು. ಭಾನುವಾರ ಬೆಳಿಗ್ಗೆ ಕಣದ ತುಂಬ ಜನ. ಯಮುನ ವಾರವೆಲ್ಲ ಬೇಡಿದಾಗ ಬಾರದವರು ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು ಬಂದಿದ್ದರು. ದೇರಪ್ಪ ಮೊದಲನೆಯದನ್ನು ಎತ್ತಿದರು. ರಮ್ಯ ಅವರ ಮುಖ ನೋಡಿ, "ಅಯ್ಯೋ, ನಿಮ್ಮದಾ ಮಾರಾಯ್ರೆ!" ಎಂದು ಬೆರಳು ಕಚ್ಚಿಕೊಂಡು ತನ್ನದನ್ನು ಎತ್ತಿದಳು. ಇಪ್ಪತ್ತಾರು ನಾಯಿಗಳು ಇಪ್ಪತ್ತಾರು ಜನರ ಕೈಯಲ್ಲಿ ತೋಟದ ದಾರಿ ಹಿಡಿದು ಹೊರಟವು. ದೇರಪ್ಪನ ಒಂದು ತೋಳನ್ನು ಸುಬ್ಬ ಹಿಡಿದ, ಇನ್ನೊಂದನ್ನು ಮೋಕ್ಷಿತಾ. ಕಾಡಿನೊಳಗೆ ಕಾಲಿಡುವ ಮೊದಲು ಎಲ್ಲರೂ ಚಪ್ಪಲಿ ಬಿಟ್ಟರು. ಮರಗಳ ಬುಡದಲ್ಲಿ ಕಿವಿ ಮುರಿದ, ಮೂತಿ ಸವೆದ, ಜರಿಗಿಡ ಬೆಳೆದ ನಾಯಿಗಳು ಎಷ್ಟೋ ತಲೆಮಾರಿನ ಕಷ್ಟ ಕಾಯುತ್ತ ನಿಂತಿದ್ದವು. ಹೊಸ ಇಪ್ಪತ್ತಾರು ಅವುಗಳ ಜೊತೆ ಸೇರಿದ ಮೇಲೆ ಯಾವುದು ಯಾರದೆಂದು ಹೇಳುವಂತಿರಲಿಲ್ಲ. ಯಮುನ ಕಣ್ಣು ಮುಚ್ಚಿ ಕೈಮುಗಿದರು. ಏನನ್ನೂ ಕೇಳಲಿಲ್ಲ; ಕೇಳಲು ಅವರಿಗೆ ಧೈರ್ಯ ಬರಲಿಲ್ಲ.

ಸೋಮವಾರ ಮಧ್ಯಾಹ್ನ ಮೋಕ್ಷಿತಾ ದಾರ ಹಿಡಿದು, ಜನರ ಕಾಲಿಗೆ ತಾಗಿ ಸರಿದಿದ್ದ ನಾಯಿಗಳನ್ನು ಮತ್ತೆ ಜಾಗಕ್ಕೆ ಕೂರಿಸುತ್ತಿದ್ದಾಗ ಅಂಗಳಕ್ಕೆ ಲಾರಿ ಬಂತು. ಕೀರ್ತಿಕುಮಾರ್ ಯೋಚನೆ ಮಾಡುತ್ತೇನೆ ಎಂದು ಹೋದವರು ಲಾರಿಗೆ ಬೇಡವೆನ್ನುವುದನ್ನು ಮರೆತಿದ್ದರು. ಡ್ರೈವರ್ ಸಿದ್ದಣ್ಣ ಕೆಳಗಿಳಿದು ಚೀಟಿ ತೆಗೆದ.

"ಅರವತ್ತೇಳು ನಾಯಿ, ಎಲ್ಡ್ ಕಾಯಿ, ಒಂದ್ ಬೋರ್ಡು."

"ನಲವತ್ತೊಂದೇ ಇರೋದು" ಎಂದರು ಯಮುನ.

"ಅಂಗಂದ್ರೆ ಎಂಗಮ್ಮ? ಉಳಿದ್ ನಾಯಿ ಎತ್ಲಾಗ್ ಹೋದೋ?"

"ಕಾಡಿಗೆ ಹೋದವು."

ಸಿದ್ದಣ್ಣ ಅವರನ್ನು ಮೇಲಿಂದ ಕೆಳಗೆ ನೋಡಿದ. "ಮಣ್ಣಿನ್ ನಾಯಿ ಅಂತ ಬರ್ದವ್ರೆ ಇಲ್ಲಿ. ಕಮ್ಮಿ ಇದ್ರೆ ನಾನ್ ಸೈನ್ ಆಕಲ್ಲಮ್ಮ. ಆಮೇಲ್ ಡ್ರೈವರ್ರೇ ದಾರೀಲಿ ಮಾರ್ಕೊಂಡ ಅಂತಾರೆ. ಬೆಳಿಗ್ಗೆ ಟಿಫನ್ನೂ ಆಗಿಲ್ಲ ನಂಗೆ."

ಅವನೇ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, ದೊಡ್ಡ ದನಿಯಲ್ಲಿ ಕೂಗಿ ಹೇಳಿದ: "ಸಾರ್, ಇಲ್ಲಿ ಮುಕ್ಕಾಲ್ ಪಾಲೂ ಇಲ್ಲ ನಾಯಿ! ಉಳಿದವು ಕಾಡಿಗ್ ಹೋದ್ವಂತೆ! ಏನ್ ಮಾಡ್ಲಿ, ಖಾಲಿ ಬರ್ಲಾ?" ಮೋಕ್ಷಿತಾ ದಾರದ ಉಂಡೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಆ ಕಡೆಯಿಂದ ಒಂದು ದೊಡ್ಡ ನಿಟ್ಟುಸಿರು ಕೇಳಿಸಿತು.

"ಆ ಕೆರ್ಕೊಳ್ತಾ ಇದ್ಯಲ್ಲ, ಆ ನಾಯಿ ಇದೆಯಾ?"

ಸಿದ್ದಣ್ಣ ಬಾಗಿಲಲ್ಲಿ ಇಣುಕಿದ. "ಅದ್ ಐತೆ ಸಾರ್."

"ಎರಡು ದಿನದಿಂದ ಅದು ಕಣ್ಣ ಮುಂದೇ ಬರ್ತಾ ಇದೆ ಮಾರಾಯ. ಇರೋದನ್ನ ತುಂಬ್ಕೊಂಡು ಬಾ."

ನಾಯಿಗಳನ್ನು ಒಂದೊಂದಾಗಿ ಭತ್ತದ ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಲು ಸಂಜೆಯಾಯಿತು. ಯಮುನ ನಿಂತು ಎಣಿಸಿದರು. ನಲವತ್ತೊಂದು. ಲಾರಿಯ ಮುಂದಿನ ಸೀಟಿನಲ್ಲಿ ಮೋಕ್ಷಿತಾ ಕೂತಳು. ಮೈಸೂರಿನಲ್ಲಿ ಅವುಗಳನ್ನು ತಾನೇ ನಿಲ್ಲಿಸಬೇಕೆಂದು. ಅಂಗಡಿಗೆ ರಜೆ ಹೇಳಿದ್ದಾಳೋ ಇಲ್ಲವೋ ಎಂದು ಕೇಳುವಷ್ಟರಲ್ಲಿ ಲಾರಿ ತಿರುವು ದಾಟಿತ್ತು.

"ನೋಡಿದೆಯಾ?" ಎಂದರು ದೇರಪ್ಪ. ಅವರ ಮುಖ ಬೆಳಗುತ್ತಿತ್ತು.

"ನೋಡಿದೆ."

"ಇನ್ನು ಹರಕೆ ಒಪ್ಪಿಸ್ಬೇಕು. ನಾಳೆ ಸಂತೆಯಿಂದ ಒಂದು ನಾಯಿ ತರುವೆ."

"ಇಟ್ಟಿದ್ದೆಂತ ಹಾಗಾದ್ರೆ?"

"ಅದು ಮುಂಗಡ. ಇದು ಹರಕೆ. ಎರಡೂ ಒಂದೇ ಆಗ್ತದಾ?"

ಯಮುನ ಕೈ ಚಾಚಿದರು. "ಗ್ಯಾಲರಿ ಕೀ ಕೊಡಿ ಇಲ್ಲಿ. ದೀಪ ಇನ್ನು ನಾನೇ ಹಚ್ಚುವೆ. ನಾಯಿ ಇಡುದಾದ್ರೆ ನಿಮ್ಮನ್ನ ಹೊತ್ಕೊಂಡಾದ್ರೂ ಕಾಡಿಗೇ ಹೋಗುವ. ಈ ಹೊಸ್ತಿಲು ದಾಟಿದ್ರೆ ನೋಡಿ ಮತ್ತೆ."

ದೇರಪ್ಪ ಕೀ ಕೊಟ್ಟರು. ಖಾಲಿ ಗೋಡಾನಿನ ನೆಲದ ಮೇಲೆ ನಾಯಿಗಳು ಕೂತಿದ್ದ ಗುರುತುಗಳು ಧೂಳಿನಲ್ಲಿ ಹಾಗೇ ಇದ್ದವು. ಅವರು ಅದನ್ನೇ ನೋಡುತ್ತ ನಿಂತು ಕೇಳಿದರು.

"ಮುಂದಿನ ತಿಂಗಳು ಯಾರದ್ದು?"

"ನಾಗಾರ್ಜುನ ಅಂತ, ಹಾಸನದ ಕಡೆಯವರು. ಮರದ ಕೆಲಸ. ಹನ್ನೆರಡು ಖಾಲಿ..."

ಯಮುನ ಅರ್ಧಕ್ಕೇ ನಿಂತರು.

"ಖಾಲಿ ಎಂತ?" ಎಂದರು ದೇರಪ್ಪ.

"ತೊಟ್ಟಿಲು."

ದೇರಪ್ಪ ಮೆಲ್ಲನೆ ತಲೆಯಾಡಿಸಿದರು. ಮೂಲೆಯ ಗೂಡಿನ ಕಡೆ ನೋಡಿದರು, ಬಾಗಿಲ ಕಡೆ ನೋಡಿದರು. "ನಮ್ಮ ಅಣ್ಣನ ಮಗ ಭವಿತನ ಹೆಂಡತಿಗೆ ಮದುವೆಯಾಗಿ ಆರು ವರ್ಷ ಆಯ್ತಲ್ಲವಾ?" ಎಂದರು ತಮ್ಮಷ್ಟಕ್ಕೆ.

ಯಮುನ ಹೊಸ್ತಿಲ ಮೇಲೆ ಕುಸಿದು ಕೂತು ಫೋನು ತೆಗೆದರು. "ಹಲೋ, ನಾಗಾರ್ಜುನ ಅವರಾ? ನಾನು ಮೂರ್ನಾಡಿಂದ, ಕಣ ಗ್ಯಾಲರಿ. ಅಲ್ಲ, ಪ್ರದರ್ಶನ ಕ್ಯಾನ್ಸಲ್ ಅಲ್ಲ. ಒಂದು ಮಾತು ಕೇಳ್ಬೇಕಿತ್ತು. ನಿಮ್ಮ ಹತ್ರ ತೊಟ್ಟಿಲು ಬಿಟ್ಟು ಬೇರೆ ಎಂತಾದ್ರೂ ಉಂಟಾ?"